ವನಜಳ ಫೋಟೊದ ಗಾಜು

ಬೈಂದೂರಿನ ದೇವಪ್ಪನ ಸ್ಟುಡಿಯೊದಲ್ಲಿ ಫೋಟೊ ತೆಗೆಸಿಕೊಂಡವರಿಗೆಲ್ಲ ಒಂದು ವಿಷಯ ಗೊತ್ತು: ಆ ಮನುಷ್ಯನಿಗೆ ಹೊಳಪೆಂದರೆ ಆಗದು. ಕನ್ನಡಕದಲ್ಲಿ ದೀಪ ಮಿನುಗಿದರೆ ಗಿರಾಕಿಯ ತಲೆ ಬಗ್ಗಿಸಿ, ಎತ್ತಿ, ಕೊನೆಗೆ ಕನ್ನಡಕವನ್ನೇ ಕಿತ್ತಿಟ್ಟು ಮೂವತ್ತೈದು ವರ್ಷ ಪಾಸ್‌ಪೋರ್ಟ್ ಫೋಟೊ ತೆಗೆದವನು. ಈಗ ಎಲ್ಲರ ಕೈಯಲ್ಲೂ ಮೊಬೈಲು. ತೀರಿಹೋದವರ ಫೋಟೊ ದೊಡ್ಡದು ಮಾಡಿ ಫ್ರೇಮು ಹಾಕಿಕೊಡುವುದೊಂದೇ ಉಳಿದ ಕೆಲಸ. ಕಳೆದ ವರ್ಷ ಹೆಂಡತಿ ವನಜಳ ಫೋಟೊಗೂ ಅವನೇ ಫ್ರೇಮು ಹಾಕಬೇಕಾಯಿತು. ಅಂಗಡಿಯ ಗೋಡೆಯ ಮೇಲಿನ ಆ ಫೋಟೊಗೆ ದೀಪ ಹಚ್ಚುವುದೊಂದು ಬಿಟ್ಟರೆ, ಅಂದಿನಿಂದ ಬಾಗಿಲು ತೆಗೆಯಲು ಅವನಿಗೆ ಕಾರಣವೇ ಸಿಗುತ್ತಿರಲಿಲ್ಲ.

ಕಾರಣವಾಗಿ ಬಂದವಳು ಯಡ್ತರೆಯ ಗುಣವತಿ. ದಾಸವಾಳ ಹಾಕಿ ಕಾಯಿಸಿದ ತೆಂಗಿನೆಣ್ಣೆ ಮಾರುವವಳು. ಸೀಸೆಯ ಕೆಳಗೆ ಅದರದೇ ಬಿಂಬ ಮೂಡಿದ ಫೋಟೊ ಬೇಕಂತೆ, ಸಂಜೆಯೊಳಗೆ ಮುಂಬೈಯ ಅಂಗಡಿಯೊಂದಕ್ಕೆ ಕಳಿಸಬೇಕಂತೆ. ಚೆನ್ನಾಗಿ ಬಂದರೆ ಉಪ್ಪಿನಕಾಯಿ, ಹಪ್ಪಳದವರನ್ನೂ ಇಲ್ಲಿಗೇ ಕರೆತರುತ್ತೇನೆಂದಳು. ಫೋಟೊ ಚೆನ್ನಾಗಿ ಬರದಿದ್ದರೆ ಸ್ಟುಡಿಯೊ ಮುಚ್ಚಿಬಿಡುವುದೆಂದು ದೇವಪ್ಪ ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡ.

ಮೊದಲು ಗಿರಾಕಿಗಳು ತಲೆ ಬಾಚುವ ಕನ್ನಡಿಯನ್ನೇ ಮಲಗಿಸಿ ಸೀಸೆ ಇಟ್ಟ. ಬಿಂಬ ಎರಡೆರಡು ಬಂತು, ಜೊತೆಗೆ ಮೇಲಿನ ಫ್ಯಾನೂ ಬಂತು.

“ಎಂತ ದೇವಪ್ಪಣ್ಣ, ಎಣ್ಣಿ ಮಾರುದಾ, ಫ್ಯಾನ್ ಮಾರುದಾ?” ಗುಣವತಿ ನಕ್ಕಳು.

ಟೈಲ್ಸ್ ಮೇಲೆ ಇಟ್ಟರೆ ಬಿಂಬ ಮಬ್ಬು. ಕಪ್ಪು ಕಾಗದದ ಮೇಲೆ ಗಾಜಿಟ್ಟರೆ ಸರಿಹೋದೀತು ಎಂದು ಆಮೇಲೆ ತೋಚಿತು. ಆದರೆ ಈಗ ಫ್ರೇಮಿಗೆ ಹಾಕುವುದೆಲ್ಲ ಪ್ಲಾಸ್ಟಿಕ್ಕು, ಮೈತುಂಬ ಗೀರು. ಅಂಗಡಿಯಲ್ಲಿ ಗೀರಿಲ್ಲದ ಗಾಜು ಒಂದೇ ಇತ್ತು. ವನಜಳಿಗೆಂದು ಆರಿಸಿ ಹಾಕಿದ್ದು. ದೇವಪ್ಪ ಗೋಡೆ ನೋಡುತ್ತ ನಿಂತುಬಿಟ್ಟ.

“ಅದ್ ಬ್ಯಾಡ, ದೇವಪ್ಪಣ್ಣ,” ಎಂದಳು ಗುಣವತಿ.

“ಅವ್ಳಿದ್ದಿರೆ ಅವ್ಳೇ ತೆಗ್ದ್ ಕೊಡ್ತಿದ್ಲ್,” ಎಂದ. ಮಾಲೆ ತೆಗೆದು, ಹಿಂದಿನ ಮೊಳೆ ಬಿಡಿಸಿ, ಗಾಜು ಎಳೆದ. ಫೋಟೊವನ್ನು ಗಾಜಿಲ್ಲದೆಯೇ ಮತ್ತೆ ಗೋಡೆಗೆ ತೂಗುಹಾಕಿದ.

ಕಪ್ಪು ಕಾಗದದ ಮೇಲೆ ಆ ಗಾಜಿಟ್ಟು ತೆಗೆದರೆ, ಸೀಸೆ ಕಪ್ಪು ನೀರಿನ ಮೇಲೆ ನಿಂತ ಹಾಗೆ ಬಂತು. ಗುಣವತಿ ಕೂತಲ್ಲಿಂದಲೇ ಮೊಬೈಲಿನಲ್ಲಿ ಕಳಿಸಿದಳು, ಚಾ ಕುಡಿಯುವಷ್ಟರಲ್ಲಿ ಮುಂಬೈಯಿಂದ ಒಪ್ಪಿಗೆಯೂ ಬಂತು. ಅವಳು ಗಾಜನ್ನು ಸೆರಗಿನಲ್ಲಿ ಒರೆಸಿ ಮರಳಿ ಕೊಡಹೋದರೆ ದೇವಪ್ಪ ಕೈ ಚಾಚಲಿಲ್ಲ. ಫೋಟೊದ ಎದುರು ನಿಂತಿದ್ದ. ಒಂದು ವರ್ಷದಿಂದ ದಿನಾ ದೀಪ ಹಚ್ಚುವಾಗ ಆ ಗಾಜಿನಲ್ಲಿ ಬಾಗಿಲ ಬೆಳಕು, ತನ್ನದೇ ಮುಖ ಕಾಣುತ್ತಿತ್ತು. ಅವುಗಳ ಹಿಂದೆ ವನಜಳನ್ನು ಹುಡುಕಬೇಕಿತ್ತು. ಈಗ ಅವಳೊಬ್ಬಳೇ ಇದ್ದಳು.

“ಗಾಜ್ ಇಲ್ದಿರೆ ಧೂಳ್ ಬೀಳುದಿಲ್ಯಾ?” ಗುಣವತಿ ಮೆಲ್ಲಗೆ ಕೇಳಿದಳು.

“ದಿನಾ ಒರ್ಸುಕೆ ನಾನಿದ್ನಲೆ,” ಎಂದ ದೇವಪ್ಪ. “ಗಾಜ್ ಮೇಜಿನ್ ಮೇಲೇ ಇಡ್. ನಾಳಿಗ್ ಬೇಕ್.”