ನಮ್ಮತ್ತೆಯ ‘ಅಂದ್ರೆ?’

ಮೈಕು ಕಟ್ಟಿಕೊಂಡು ಬಂದ ಎಂಥ ಪ್ರಚಾರದ ಜೀಪನ್ನೂ ನಮ್ಮತ್ತೆ ಜಯಮ್ಮ ಒಂದೇ ಮಾತಿನಲ್ಲಿ ನಿಲ್ಲಿಸಿಬಿಡುತ್ತಿದ್ದರು. ‘ಅಂದ್ರೆ?’ ಅಷ್ಟೇ. ಮಡಿಲಲ್ಲಿ ಹಿಪ್ಪುನೇರಳೆ ಸೊಪ್ಪು, ಮಾರು ದೂರ ಹಿಡಿದ ಕರಪತ್ರ, ಕೊಟ್ಟವನ ಮೇಲೆ ನೆಟ್ಟ ಕಣ್ಣು. ಅಕ್ಕೂರಿನಲ್ಲಿ ಮತ ಕೇಳುವವರು ನಮ್ಮ ಮನೆಯನ್ನು ಕೊನೆಗೆ ಇಟ್ಟುಕೊಳ್ಳುತ್ತಿದ್ದರು.

ಒಮ್ಮೆ ಚನ್ನಪಟ್ಟಣದಿಂದ ಬಂದ ಯುವಕರು ‘ಬದಲಾವಣೆಗಾಗಿ ಮತ ನೀಡಿ’ ಎಂದು ಕೈಮುಗಿದರು.

“ಅಂದ್ರೆ? ಏನ್ ಬದ್ಲಾಯಿಸ್ತೀರಪ್ಪ? ಸುಟ್ಟೋಗಿರೋ ಟ್ರಾನ್ಸ್‌ಫಾರ್ಮರ್ರೋ, ನಿಮ್ ಲೀಡರ್ರೋ?”

“ಎಲ್ಲಾನೂವೆ, ಅಮ್ಮ.”

“ಎಲ್ಲಾನೂ ಬದ್ಲಾಯಿಸ್ಬುಟ್ರೆ ನಾವೆಲ್ಲಿಗೋಗಣ್ಲಾ? ಹುಳ ಬೆಳೀತಾ ಐತೆ ಅಂದ್ರೆ ಸಾಕಾ? ಎರಡ್ನೇ ಜ್ವರವೋ ಮೂರ್ನೇ ಜ್ವರವೋ ಹೇಳ್ಬೇಕು. ಸೊಪ್ಪು ಅದ್ಕೆ ತಕ್ಕಂಗೆ ತರ್ಬೇಕು.”

ರೇಷ್ಮೆ ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಹುಡುಗರಿಗೇನು ತಿಳಿಯಬೇಕು! ಈ ವಾದ ಮುಗಿಯುವವರೆಗೆ ಬಂದವರಿಗೆಲ್ಲ ಕಾಫಿ ಕಾಯಿಸುತ್ತ ನಾನು ಒಳಗೆ ಹಲ್ಲು ಕಡಿಯುತ್ತಿದ್ದೆ.

ಆಮೇಲೆ ನಾನೇ ಗ್ರಾಮ ಪಂಚಾಯ್ತಿಗೆ ನಿಂತೆ. ಕಾರಣ ಒಂದೇ: ನಮ್ಮ ಕೆಳಗಿನ ಬೀದಿಗೆ ಚರಂಡಿಯಿಲ್ಲ. ಮೇಲಿನ ಬೀದಿಯ ಕೊಚ್ಚೆಯೆಲ್ಲ ಹರಿದು ಬಂದು ನಮ್ಮ ಹುಳದ ಮನೆಗೆ ನುಗ್ಗುತ್ತಿತ್ತು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ರೋಗ ಬಂದು, ಒಂದಿಡೀ ಬೆಳೆಯನ್ನು ತಿಪ್ಪೆಗೆ ಸುರಿದಿದ್ದೆವು. ಆದರೆ ಕರಪತ್ರದಲ್ಲಿ ಎಲ್ಲರಂತೆ ‘ಸರ್ವಾಂಗೀಣ ಅಭಿವೃದ್ಧಿಯೇ ನನ್ನ ಗುರಿ’ ಎಂದು ಬರೆದು ಮನೆಯಲ್ಲಿ ಓದಿ ಹೇಳಿದೆ.

“ಅಂದ್ರೆ?” ಅಂದರು ಅತ್ತೆ, ನನಗೇ!

“ಎಲ್ರೂ ಹಂಗೇ ಬರೀತಾರೆ, ಅತ್ತೆ.”

“ಎಲ್ರೂ ಹೇಳದ್ನೇ ಹೇಳಕ್ಕೆ ನೀನ್ಯಾಕ್ ನಿಂತ್ಕಬೇಕು? ಚರಂಡಿ ಬೇಕಲ್ವಾ? ಚರಂಡಿ ಅಂತ ಬರಿ.”

ಬರೆದೆ. ಮೇಲಿನ ಬೀದಿಯವರು ‘ನಮ್ ಬೀದಿ ಏನ್ ಪಾಪ ಮಾಡಿತ್ತು?’ ಎಂದು ಮುನಿಸಿಕೊಂಡರು. ನಮ್ಮ ಬೀದಿಯವರೇ ‘ನಮ್ ಅಂಗಳ ಅಗೀತಾಳಂತೆ’ ಎಂದು ತಿರುಗಿಬಿದ್ದರು. ನನ್ನೆದುರು ನಿಂತವರು ‘ನಿಮ್ಮ ಕನಸು, ನಮ್ಮ ಹೊಣೆ’ ಎಂದು ಬರೆಸಿದ್ದರು. ಒಬ್ಬರಿಗೆ ಅದರಲ್ಲಿ ಬೋರ್‌ವೆಲ್ ಕಂಡಿತು, ಇನ್ನೊಬ್ಬರಿಗೆ ಮಗನ ಕೆಲಸ. ಯಾರ ಅಂಗಳವನ್ನೂ ಅದು ಅಗೆಯಲಿಲ್ಲ. ನಾನು ಚೆನ್ನಾಗಿಯೇ ಸೋತೆ.

“ನಿಮ್ಮಿಂದ್ಲೇ ಆಗಿದ್ದು ಇದು!” ಎಂದು ಕೂಗಾಡಿದೆ. ಅತ್ತೆ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಲಿಲ್ಲ. “ಊಂ, ನನ್ನಿಂದ್ಲೇಯ. ಮುಂದ್ಲ ಸಲ ಎರಡ್ ಬೀದಿಗೂ ಬರಿ” ಅಂದರು. ಇಂಥವರ ಹತ್ತಿರ ಜಗಳವಾಡುವುದಾದರೂ ಹೇಗೆ? ಮೈಯೆಲ್ಲ ಉರಿಯಿತು. ನಗುವೂ ಬಂತು.

ಗೆದ್ದವರು ಆಮೇಲೆ ಬೀದಿ ಕಡೆ ತಲೆ ಹಾಕಲಿಲ್ಲ. ಅತ್ತೆ ಮಾತ್ರ ಬಿಡದೆ ಪಂಚಾಯ್ತಿಗೆ ಅಲೆದರು. ‘ಶೀಘ್ರದಲ್ಲೇ’ ಎಂದವರ ಎದುರು ಕುರ್ಚಿ ಎಳೆದುಕೊಂಡು ಕೂತು, ಯಾವ ತಿಂಗಳು ಎಂದು ಬಾಯಿ ಬಿಡಿಸುವವರೆಗೂ ಏಳುತ್ತಿರಲಿಲ್ಲ. ಆ ತಿಂಗಳು ಬಂದು ಹೋಗುತ್ತಿತ್ತು, ಇವರು ಮತ್ತೆ ಹೊರಡುತ್ತಿದ್ದರು.

ಹೋದ ವರ್ಷ ಅವರನ್ನು ರಾಮನಗರದ ಆಸ್ಪತ್ರೆಗೆ ಸೇರಿಸಿದೆವು. ಮಾತು ನಿಂತು ನಿಂತು ಬರುತ್ತಿತ್ತು.

“ಚರಂಡಿ ಏನಾಯ್ತವ್ವ?”

ಏನೂ ಆಗಿರಲಿಲ್ಲ. ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. “ಆಯ್ತದೆ ಅತ್ತೆ, ಬೇಗ ಆಯ್ತದೆ. ಎಲ್ಲಾ ಸರಿಹೋಯ್ತದೆ” ಅಂದೆ.

ಈಗ ‘ಅಂದ್ರೆ?’ ಎಂದು ಹಿಡಿದುಕೊಳ್ಳುತ್ತಾರೆ, ಚೆನ್ನಾಗಿ ಬೈಯುತ್ತಾರೆ ಎಂದು ಕಾದೆ. ಬೈದರೆ ಸಾಕಪ್ಪ ಅನ್ನಿಸುತ್ತಿತ್ತು. ಅವರು ನನ್ನ ಕೈ ಸವರಿ, “ಊಂ ಕಣವ್ವ, ಸರಿಹೋಯ್ತದೆ” ಅಂದು ಕಣ್ಣು ಮುಚ್ಚಿ ಮಗ್ಗುಲಾದರು.

ಡಾಕ್ಟರು ಇನ್ನೂ ಏನೂ ಹೇಳಿರಲಿಲ್ಲ. ನಾನು ಹೊರಗೆ ಬಂದು ಊರಿಗೆ ಫೋನ್ ಮಾಡಿ, ಎಲ್ಲರೂ ಬಂದು ಒಂದು ಸಲ ನೋಡಿಕೊಂಡು ಹೋಗಿ ಎಂದೆ.