ಯಾರು ಕೂರುವ ಕುರ್ಚಿ?

ಮುದುಕರೊಬ್ಬರು ಒಂದೊಂದೇ ಕುರ್ಚಿಯಲ್ಲಿ ಕುಳಿತು, ಬೆನ್ನು ಒರಗಿಸಿ ನೋಡಿ, ಎದ್ದು ಮುಂದಿನದಕ್ಕೆ ಹೋಗುತ್ತಿದ್ದರು. ತಲೆಗೆ ಸೆರಗು ಹೊದ್ದು ಪಕ್ಕದಲ್ಲಿ ನಿಂತಿದ್ದ ಹೆಂಗಸು ಪ್ರತಿ ಸಲವೂ ಬಗ್ಗಿ ಅವರ ಪಾದಗಳನ್ನೇ ನೋಡುತ್ತಿದ್ದಳು. ಎಂಬತ್ತರ ದಶಕದ ಆರಂಭ. ಶಿಗ್ಗಾಂವಿಯ ಒಂದು ಪೀಠೋಪಕರಣದ ಅಂಗಡಿಗೆ ಮಂಚ ನೋಡಲು ಹೋಗಿದ್ದ ನಾನು ಮಂಚ ಮರೆತು ಇವರನ್ನೇ ನೋಡುತ್ತ ನಿಂತೆ.

"ಯಜಮಾನ್ರ, ದಿನಾ ಎಷ್ಟೊತ್ತು ಕುಂದರ್ತೀರಿ?" ಅಂಗಡಿಯವರು ಕೇಳಿದರು.

"ನಾ ಎಲ್ಲಿ ಕುಂದರ್ಲಿ? ನಮ್ಮ ಸೊಸಿಗೆ ಬೇಕಾಗೇತ್ರಿ. ಮುಂಜಾನಿಂದ ಸಂಜಿ ಮಟ ಸ್ಟೂಲ್ ಮ್ಯಾಲ ಕುಂತು ಹೊಲಿಗಿ ಮಶೀನ್ ತುಳದು ಬೆನ್ನು ಹಿಡಕೊಂಡೈತಿ."

"ಹಂಗಾದ್ರ ಆಕೀನ ಕುಂತು ನೋಡ್ಲಿ ಬಿಡ್ರಿ."

ಸೊಸೆ ಸೆರಗು ಮುಂದಕ್ಕೆಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮಾವನೆದುರು ಸೊಸೆ ಕುರ್ಚಿಯಲ್ಲಿ ಕೂರುವುದು ಅವರಲ್ಲಿ ರೂಢಿಯಿರಲಿಲ್ಲ. ಅದಕ್ಕೇ ಅಷ್ಟೆತ್ತರದ ಮಾವ ತಾವೇ ಕುಳಿತು ಗಿಡ್ಡ ಸೊಸೆಗೆ ಕುರ್ಚಿ ಆರಿಸುತ್ತಿದ್ದರು!

ಮುದುಕರು ಎದ್ದು ಬಾಗಿಲಿಗೆ ಹೋಗಿ ರಸ್ತೆಯ ಕಡೆ ತಿರುಗಿ ನಿಂತರು. "ನಾ ಬಂಕಾಪುರ ಬಸ್ ಬಂತೇನ್ ನೋಡ್ತೇನಿ. ನೀ ಕುಂದರವ್ವಾ."

ಅವಳು ಮಾವ ಮೆಚ್ಚಿದ್ದ ಕೈಯಿರುವ ದೊಡ್ಡ ಕುರ್ಚಿ ಬಿಟ್ಟು, ಮೂಲೆಯಲ್ಲಿದ್ದ ಕೈಯಿಲ್ಲದ ಗಿಡ್ಡ ಬೆತ್ತದ ಕುರ್ಚಿಯಲ್ಲಿ ಕುಳಿತಳು. ಮಶೀನು ತುಳಿಯುವಂತೆ ಪಾದ ಆಡಿಸಿದಳು.

"ಕಾಲು ನೆಲಕ್ಕ ಮುಟ್ಟತಾವೇನ?" ಬಾಗಿಲಿನಿಂದ ಪ್ರಶ್ನೆ ಬಂತು.

"ಮುಟ್ಟತಾವ್ರಿ, ಮಾವಾರ."

ಬಂಕಾಪುರದ ಬಸ್ಸು ಬಂದು ಹೋಯಿತು. ಮುದುಕರು ತಿರುಗಲಿಲ್ಲ.

ಕುರ್ಚಿ ಕೊಳ್ಳುವಾಗ ಬೆನ್ನಿಗೆ ಆಸರೆ ಇದೆಯೇ ಎಂದು ಈಗ ಎಲ್ಲರೂ ಕೇಳುತ್ತಾರೆ. ನನಗೆ ಮಾತ್ರ ಬಾಗಿಲಲ್ಲಿ ರಸ್ತೆಗೆ ಮುಖ ಮಾಡಿ ನಿಂತಿದ್ದ ಆ ಬೆನ್ನೇ ಕಣ್ಣ ಮುಂದೆ ಬರುತ್ತದೆ.