ಅಡಿವೆವ್ವನ ಕೌದಿಯ ಹೊಟ್ಟೆ

೧೯೭೮ರಲ್ಲಿ ಶಿಗ್ಗಾಂವಿಯ ನಮ್ಮ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷಕ್ಕೆ ಸೌಂದರ್ಯಶಾಸ್ತ್ರ ತೆಗೆದುಕೊಂಡವರು ಇಬ್ಬರೇ. ಹಂಸಭಾವಿಯ ಉಡಚಪ್ಪ ಅದರಲ್ಲಿ ಏನೋ ಇದೆ ಎಂದು ತೆಗೆದುಕೊಂಡ. ನಾನು ಅದರಲ್ಲಿ ಏನೂ ಇರಲಿಕ್ಕಿಲ್ಲ ಎಂದು.

ಕಲಿಸುತ್ತಿದ್ದವರು ಪರಮೇಶಪ್ಪ ಸರ್. ಇಬ್ಬರಿಗೆ ಪಾಠ ಹೇಳುವಾಗಲೂ ಇನ್ನೂರು ಜನ ಕುಳಿತಂತೆ ಹಿಂದಿನ ಗೋಡೆಯನ್ನೇ ನೋಡುತ್ತಿದ್ದರು. "ಬೇಕು ಅನ್ನೋದು ಬಂತಂದ್ರ ಚೆಲುವು ಹೋತು. ಉಪಯೋಗ ಮರ್ತು ನೋಡ್ರಿ" ಎಂಬುದು ಅವರ ಮೂಲಮಂತ್ರ.

ನಾನು ಬರೆದುಕೊಂಡು ಸುಮ್ಮನಾದೆ. ಉಡಚಪ್ಪನಿಗೆ ಅದು ಮೈಮೇಲೆ ಬಂತು. ಮರುದಿನವೇ ಹೈವೇ ಬದಿಯ ಮಜೀದನ ಹೋಟೆಲಿನಲ್ಲಿ ಒಂದು ಪ್ಲೇಟು ಮಿರ್ಚಿ ಭಜಿ ತರಿಸಿ, ಮುಟ್ಟದೆ, ಅರ್ಧ ತಾಸು ನೋಡುತ್ತ ಕುಳಿತ.

"ಏನರ ಬಿದ್ದೈತೇನ್ರಿ ಅದರಾಗ?" ಎಂದು ಮಜೀದ ಕೇಳಿದ.

"ಇಲ್ಲೋ ಮಾರಾಯ, ಚೆಲುವು ನೋಡಾಕತ್ತೇನಿ."

"ನೋಡ್ರಿ, ಬ್ಯಾಡನ್ನಂಗಿಲ್ಲ. ಬೆಂಚ ಬಿಟ್ಟು ನಿಂತು ನೋಡ್ರಿ, ಮಂದಿ ಕಾಯಾಕತ್ತಾರ."

ಆರಿದ ಮಿರ್ಚಿಯನ್ನು ನಾನು ತಿಂದೆ. ಶಾಸ್ತ್ರದಲ್ಲಿ ನಾನು ಹಿಂದುಳಿದದ್ದು ಅಂದಿನಿಂದ.

ಡಿಸೆಂಬರಿನಲ್ಲಿ ಸೆಮಿನಾರು ಬಂತು. ಚೆಲುವಾದ ಒಂದು ವಸ್ತು ತಂದು, ಧಾರವಾಡದಿಂದ ಬರುವ ಪ್ರಾಧ್ಯಾಪಕರ ಮುಂದೆ ಅದರ ಬಗ್ಗೆ ಮಾತಾಡಬೇಕು. ತಪ್ಪಿದರೆ ಇಡೀ ವರ್ಷ ಹೋದಂತೆ. ಉಡಚಪ್ಪನ ಅಪ್ಪ ಮೊದಲೇ ಹೇಳಿಟ್ಟಿದ್ದರು: "ಫೇಲಾದ್ರ ಎತ್ತಿನ ಚೆಲುವು ನೋಡಕೋಂತ ಹೊಲದಾಗ ಇರು."

ಅವನು ಆರಿಸಿಕೊಂಡದ್ದು ಅವ್ವ ಅಡಿವೆವ್ವ ಹೊಲಿಯುತ್ತಿದ್ದ ಕೌದಿಯನ್ನು. ಹಳೆಯ ಸೀರೆ, ಅಪ್ಪನ ರುಮಾಲು, ತುಂಡು ತುಂಡು ಕೂಡಿಸಿದ ಹೊದಿಕೆ. ನಡುವಿನ ಒಂದು ತೇಪೆ ಮಾತ್ರ ಬಾಕಿ. ನಮ್ಮ ಕಡೆ ಆ ಕೊನೆಯ ತೇಪೆಯೊಳಗೆ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿರಬೇಕು, ಹೊದ್ದವರೂ ಹಸಿಯಬಾರದು ಎಂದು.

"ಅವ್ವ, ಇದು ಹೊದ್ಕೊಳ್ಳಾಕಲ್ಲ, ಬರೇ ನೋಡಾಕ. ರೊಟ್ಟಿ ಬ್ಯಾಡ."

"ಹೊಟ್ಟಿ ಹಸದದ್ದನ್ನ ಮಂದಿ ಮುಂದ ನಿಲ್ಲಸ್ತಿಯೇನು?" ಎಂದು ಗದರಿದ ಅಡಿವೆವ್ವ, ಮಗನ ಪರೀಕ್ಷೆಯ ಸಂಭ್ರಮಕ್ಕೆ ರೊಟ್ಟಿಯ ಬದಲು ಹೋಳಿಗೆಯ ಚೂರನ್ನೇ ಇಟ್ಟು ಹೊಲಿದುಬಿಟ್ಟಳು.

ಸೆಮಿನಾರಿನ ದಿನ ಉಡಚಪ್ಪ ಕೌದಿಯನ್ನು ಕಿಟಕಿಯ ಪಕ್ಕ ಗೋಡೆಗೆ ತೂಗುಹಾಕಿ, "ಇದು ಹೊದಿಕೆ ಎಂಬುದನ್ನು ನಾವು ಮೊದಲು ಮರೆಯೋಣ" ಎಂದು ಶುರುಮಾಡಿದ. ಪರಮೇಶಪ್ಪ ಸರ್ ತಾವೇ ಮಾತಾಡುತ್ತಿರುವಂತೆ ತಲೆದೂಗಿದರು. ಅಷ್ಟರಲ್ಲಿ ಕಿಟಕಿಯಿಂದ ಇರುವೆಯ ಸಾಲೊಂದು ಹೊರಟು, ಯಾವ ಬಣ್ಣಕ್ಕೂ ಮರುಳಾಗದೆ, ನೆಟ್ಟಗೆ ನಡುವಿನ ತೇಪೆಗೆ ಹೋಯಿತು.

ಧಾರವಾಡದವರು ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು. "ಇವು ಉಪಯೋಗ ಮರ್ತಿಲ್ಲ ನೋಡ್ರಿ. ಒಳಗೇನೈತಿ?"

"ಏನಿಲ್ರಿ, ಹಳ್ಳಿ ಪದ್ಧತಿ," ಎಂದರು ಪರಮೇಶಪ್ಪ ಸರ್.

ಉಡಚಪ್ಪ ಒಮ್ಮೆ ಸರ್ ಕಡೆ ನೋಡಿದ, ಒಮ್ಮೆ ಕೌದಿ ಕಡೆ ನೋಡಿದ. ಆಮೇಲೆ ಹೋಳಿಗೆಯ ಕಥೆಯನ್ನೆಲ್ಲ ಹೇಳಿಬಿಟ್ಟ.

"ಅದನ್ನ ಬಿಚ್ಚಿ ತಗದ್ರ ಇದರ ಚೆಲುವು ಹೆಚ್ಚಾಕ್ಕೈತೋ, ಕಡಿಮಿ ಆಕ್ಕೈತೋ?" ಎಂದರು ಧಾರವಾಡದವರು.

ಉಡಚಪ್ಪ ಬರೆದು ತಂದ ಹಾಳೆಯನ್ನು ಮಡಚಿ ಕಿಸೆಗಿಟ್ಟ.

"ಕಡಿಮಿ ಆಕ್ಕೈತ್ರಿ. ದೀವಳಗಿ ಸೂಟಿತುಂಬ ಇದನ್ನ ನೋಡಕೋಂತ ಕುಂತಿದ್ನಿರಿ. ಬಣ್ಣ ಕಂಡ್ವು, ಅಷ್ಟ. ಅವ್ವ ಕಡೀ ತ್ಯಾಪಿ ಹಾಕಿದಾಗ, ಇದು ಯಾರಿಗೋ ಕಾಯಾಕತ್ತೈತಿ ಅನಿಸ್ತು. ಅದನ್ನ ಮರ್ತು ನೋಡಿದ್ರ ಅರ್ಧಾನ ನೋಡಿದಂಗ್ರಿ. ನಮ್ಮ ಸರ್ ಹೇಳಿದ್ದು ಮಿರ್ಚಿಗೆ ಖರೆ ಇರಬಹುದು. ಕೌದಿಗಲ್ಲ."

ಹತ್ತು ನಿಮಿಷದ ಸೆಮಿನಾರು ಒಂದು ತಾಸು ನಡೆಯಿತು. ಅವರು ಕೇಳುವುದು, ಇವನು ಜಿಗಿದು ಉತ್ತರ ಹೇಳುವುದು. ತಲೆದೂಗುವುದನ್ನು ನಿಲ್ಲಿಸಿದ್ದ ಪರಮೇಶಪ್ಪ ಸರ್, ತಾವು ಕಲಿಸಿದ್ದೂ ಇದೇ ಎಂಬಂತೆ ಮತ್ತೆ ಶುರುಮಾಡಿದರು. ನಾನು ತಂದಿದ್ದ ಹಿತ್ತಾಳೆ ತಂಬಿಗೆಯ ಬಗ್ಗೆ ಯಾರೂ ಏನೂ ಕೇಳಲಿಲ್ಲ. ನಾನು ಪಾಸಾದದ್ದು ಅದರಿಂದಲೇ.

ಮರುದಿನ ಅವನ ಜೊತೆ ಹಂಸಭಾವಿಗೆ ಹೋದೆ.

"ಏನಂದ್ರೋ?" ಎಂದಳು ಅಡಿವೆವ್ವ.

"ಛಲೋ ಐತಿ ಅಂದ್ರವ್ವ. ಮಾರ್ಕ ಹೇಳಿಲ್ಲ."

"ಅದಿರ್ಲಿ. ಯಾರರ ಹೊದ್ಕೊಂಡ್ರೇನು?"

"ಊಟ ಆದಮ್ಯಾಲ ಧಾರವಾಡದ ಸರ್ ಥಂಡಿ ಅಂತ ಹೊದ್ಕೊಂಡು ಮಲಗಿದ್ರು. ಎರಡ ತಾಸು. ಬಸ್ಸೂ ಹೋತು ಅವರ್ದು."

ಅಡಿವೆವ್ವ ಕೌದಿ ಕೊಡವಿ ಇರುವೆ ಉದುರಿಸಿದಳು. "ಹಂಗಾದ್ರ ಪಾಸಾದಿ ಬಿಡು" ಎಂದು, ಅಂದೇ ಓಣಿಗೆಲ್ಲ ಸಕ್ಕರೆ ಹಂಚಿದಳು. ವಿಶ್ವವಿದ್ಯಾಲಯಕ್ಕೆ ಅದೇ ಮಾತು ಹೇಳಲು ಇನ್ನೂ ಆರು ತಿಂಗಳು ಬೇಕಾದವು.